ಇದೂ ಇರಲಿ, ಅದೂ ಇರಲಿ ಎನ್ನುವ ಭಕ್ತಿ

ಕರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯ ಜನರಿಗೆ ಹಾಕಿದ ಪ್ರಶ್ನೆಯನ್ನು ಬಹಳ ಮಂದಿ ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. ಇಸ್ರಾಯೇಲ್ಯರ ದೇವರಾದ ಯೆಹೋವನನ್ನು ಬಿಟ್ಟು ಕಾನಾನ್ಯರ ಮಳೆದೇವರಾದ ಬಾಳನ ಹಿಂದೆ ಯಾಕೆ ಹೋದಿರಿ ಎಂದು ಅವನು ಕೇಳಲಿಲ್ಲ. ಇನ್ನೆಷ್ಟು ಕಾಲ ಎರಡು ಮನಸ್ಸಿನಲ್ಲಿರುತ್ತೀರಿ, ಯೆಹೋವನು ದೇವರಾದರೆ ಆತನ ಹಿಂದೆ ನಡೆಯಿರಿ, ಬಾಳನು ದೇವರಾದರೆ ಅವನ ಹಿಂದೆಯೇ ನಡೆಯಿರಿ ಎಂದ. ಜನ ಅದಕ್ಕೆ ಒಂದು ಮಾತೂ ಆಡಲಿಲ್ಲ ಎನ್ನುತ್ತದೆ ಅರಸುಗಳ ಮೊದಲನೆಯ ಪುಸ್ತಕದ 18ನೆಯ ಅಧ್ಯಾಯ. ಆ ಮೌನ ಅರ್ಥವಾಗುವಂಥದ್ದೇ. ತಾವು ಯೆಹೋವನನ್ನು ಬಿಟ್ಟಿದ್ದೇವೆ ಎಂದು ಅವರಿಗೆ ಅನಿಸಿಯೇ ಇರಲಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸಂದರ್ಭ ಬಂದಿದೆ ಎಂಬುದೇ ಅವರಿಗೆ ಹೊಸದು.

ಆಗ ಇಸ್ರಾಯೇಲನ್ನು ಆಳುತ್ತಿದ್ದ ಅಹಾಬನ ಅರಮನೆಯನ್ನೇ ನೋಡಿ. ಬಾಳನ 450 ಮಂದಿ, ಅಶೇರ ಎಂಬ ದೇವತೆಯ 400 ಮಂದಿ ಪ್ರವಾದಿಗಳಿಗೆ ಅವನ ಕಾಲದಲ್ಲಿ ರಾಜಾಶ್ರಯವಿತ್ತು. ಅವನ ಹೆಂಡತಿ ಈಜೆಬೆಲ್ ಚೀದೋನ್ಯರ ರಾಜನ ಮಗಳು, ಆ ಆರಾಧನೆಗೆ ಬೆನ್ನೆಲುಬಾಗಿ ನಿಂತವಳು. ಅದೇ ಅರಮನೆಯ ಮೇಲ್ವಿಚಾರಕ ಓಬದ್ಯ ಮಾತ್ರ ಯೆಹೋವನಲ್ಲಿ ಬಹಳ ಭಯಭಕ್ತಿಯುಳ್ಳವನು. ಯೆಹೋವನ 100 ಮಂದಿ ಪ್ರವಾದಿಗಳನ್ನು ಈಜೆಬೆಲಳ ಕೈಗೆ ಸಿಗದಂತೆ ಐವತ್ತೈವತ್ತರಂತೆ ಗವಿಗಳಲ್ಲಿ ಬಚ್ಚಿಟ್ಟು, ಆಗ ಬಿದ್ದಿದ್ದ ಬರಗಾಲದಲ್ಲೂ ಅನ್ನ ನೀರು ಒದಗಿಸಿ ಸಾಕಿದವನು. ಇನ್ನು ಅಹಾಬನ ಗಂಡುಮಕ್ಕಳ ಹೆಸರು ಅಹಜ್ಯ, ಯೋರಾಮ. ಎರಡರಲ್ಲೂ ಅಡಗಿರುವುದು ಯೆಹೋವನ ಹೆಸರು. ಬಾಳನಿಗೆ ಗುಡಿ ಕಟ್ಟಿಸಿದ ರಾಜ ಮಕ್ಕಳಿಗೆ ಯೆಹೋವನ ಹೆಸರಿಟ್ಟ. ಅವನ ಮಟ್ಟಿಗೆ ಇವೆರಡಕ್ಕೂ ಜಗಳವೇ ಇರಲಿಲ್ಲ.

ವಿಗ್ರಹಾರಾಧನೆಯ ಬಗ್ಗೆ ಸತ್ಯವೇದ (ಬೈಬಲ್) ಹೇಳುವುದನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದಿದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ದೇವರನ್ನು ಬೇಡ ಎಂದು ಹೊರಟವರು ಅಲ್ಲಿ ಕಡಿಮೆ. ದೇವರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಂಡವರೇ ಹೆಚ್ಚು. ಹಾಗೆ ಇಟ್ಟುಕೊಂಡ ಗಳಿಗೆ ಯಾವುದು ಎಂದು ನೋಡಿದರೆ ಬಹುತೇಕ ಕಡೆ ಅದು ಕಾಯುವ ಗಳಿಗೆ: ಮಳೆ ಬಂದಿಲ್ಲ, ಉತ್ತರ ಬಂದಿಲ್ಲ, ಹೋದವನು ಹಿಂತಿರುಗಿಲ್ಲ, ಶತ್ರು ಹತ್ತಿರ ಬಂದಿದ್ದಾನೆ.

ಬಾಳನ ಆಕರ್ಷಣೆಯನ್ನು ಮೂಢತನ ಎಂದು ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ಸಿರಿಯದ ಕರಾವಳಿಯ ರಾಸ್ ಶಮ್ರಾದಲ್ಲಿ 1929ರಿಂದ ಅಗೆದು ತೆಗೆದ ಉಗಾರಿತ್ ನಗರದ ಮಣ್ಣಿನ ಹಲಗೆಗಳು ಬಾಳನನ್ನು ಗುಡುಗು, ಮಿಂಚು, ಮಳೆಯ ಒಡೆಯನೆಂದು ವರ್ಣಿಸುತ್ತವೆ. ಕಾನಾನಿನ ಬೇಸಾಯಕ್ಕೆ ಬೇಕಾದದ್ದು ಅದೇ. ಐಗುಪ್ತದಲ್ಲಿ (ಈಜಿಪ್ಟ್) ನೈಲ್ ನದಿಯ ನೀರನ್ನು ಕಾಲುವೆಯಲ್ಲಿ ಹಾಯಿಸಿದರೆ ಬೆಳೆ ಬರುತ್ತಿತ್ತು. ಕಾನಾನಿನ ಗುಡ್ಡಗಾಡಿನಲ್ಲಿ ಆಕಾಶ ನೋಡದೆ ಗತಿಯಿಲ್ಲ. ಅಲ್ಲಿನ ಮುಂಗಾರು ಅಕ್ಟೋಬರ್ ನವೆಂಬರಿನಲ್ಲಿ ಸುರಿದರೆ ಉಳುಮೆ ಬಿತ್ತನೆ. ಹಿಂಗಾರು ಮಾರ್ಚ್ ಏಪ್ರಿಲಿನಲ್ಲಿ ಬಂದರೆ ಕಾಳು ತುಂಬುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಮನೆಯಲ್ಲಿ ಹಸಿವು. ಧರ್ಮೋಪದೇಶಕಾಂಡದ 11ನೆಯ ಅಧ್ಯಾಯ ಈ ವ್ಯತ್ಯಾಸವನ್ನು ನೇರವಾಗಿ ಹೇಳಿ, ಅದರ ಬೆನ್ನಿಗೇ ನಿಮ್ಮ ಹೃದಯ ಮರುಳಾಗಿ ಬೇರೆ ದೇವರುಗಳ ಕಡೆ ತಿರುಗದಂತೆ ಎಚ್ಚರವಾಗಿರಿ ಎನ್ನುತ್ತದೆ. ಮಳೆಗೂ ಮನಸ್ಸಿನ ಇಬ್ಬಗೆಗೂ ಇರುವ ನಂಟು, ಇಸ್ರಾಯೇಲ್ಯರನ್ನು ಐಗುಪ್ತದಿಂದ ಕರೆತಂದ ನಾಯಕ ಮೋಶೆಯ ಬಾಯಲ್ಲೇ ಬಂದಿದೆ. ಐಗುಪ್ತದಿಂದ ಬಿಡಿಸಿದವನು ಯೆಹೋವ, ಸರಿ. ಆದರೆ ಈ ನೆಲದ ಮಳೆಯ ಲೆಕ್ಕ ನೋಡಿಕೊಳ್ಳುವವನು ಇನ್ನೊಬ್ಬನಂತೆ, ಅಕ್ಕಪಕ್ಕದವರೆಲ್ಲ ಹಾಗೇ ಹೇಳುತ್ತಾರೆ, ಅವನಿಗೂ ಒಂದು ಬಲಿ ಕೊಟ್ಟರೆ ನಷ್ಟವೇನು? ರೈತನೊಬ್ಬ ಹೀಗೆ ಯೋಚಿಸಿದ್ದರೆ ಅದರಲ್ಲಿ ಇದ್ದದ್ದು ದೇವದ್ವೇಷವಲ್ಲ, ಭಯ. ಭಯ ಎಂದೊಡನೆ ತಪ್ಪು ಸಣ್ಣದಾಗುವುದಿಲ್ಲ, ನಿಜ. ಆದರೆ ಬೇರು ಯಾವುದೆಂದು ತಿಳಿಯದೆ ಕೊಂಬೆ ಕಡಿದು ಪ್ರಯೋಜನವಿಲ್ಲ.

ಚಿನ್ನದ ಕರುವಿನ ಪ್ರಸಂಗವೂ ಹೀಗೆಯೇ. ಮೋಶೆ ಸೀನಾಯಿ ಬೆಟ್ಟದ ಮೇಲೆ 40 ದಿನ ಇದ್ದ. ಅವನು ತಡಮಾಡಿದ್ದನ್ನು ಕಂಡ ಜನ ಅವನ ಅಣ್ಣ ಆರೋನನ ಬಳಿ ಸೇರಿದರು ಎಂದೇ ವಿಮೋಚನಕಾಂಡದ 32ನೆಯ ಅಧ್ಯಾಯ ಶುರುವಾಗುತ್ತದೆ. ಕರು ತಯಾರಾದ ಮೇಲೆ ಆರೋನ ಡಂಗುರ ಹೊಡೆಸಿದ್ದು ಏನೆಂದು? ನಾಳೆ ಯೆಹೋವನಿಗೆ ಹಬ್ಬ ಎಂದು. ಹಬ್ಬ ದೇವರ ಹೆಸರಿನಲ್ಲೇ ಇತ್ತು, ಬಲಿಗಳೂ ಸಮರ್ಪಣೆಗಳೂ ಇದ್ದವು. ಕಣ್ಣಿಗೆ ಕಾಣುವ, ತಡಮಾಡದ, ತಮ್ಮ ಕೈಯಲ್ಲೇ ಇರುವ ಒಂದನ್ನು ನಡುವೆ ನಿಲ್ಲಿಸಿಕೊಂಡರು, ಅಷ್ಟೆ.

ನ್ಯಾಯಸ್ಥಾಪಕರ ಪುಸ್ತಕದ 17ನೆಯ ಅಧ್ಯಾಯದಲ್ಲಿ ಮೀಕ ಎಂಬವನ ಕಥೆ ಬರುತ್ತದೆ. ಇಬ್ಭಾಗವಾದ ಭಕ್ತಿಯ ಒಳಲೆಕ್ಕವನ್ನು ಇದರಷ್ಟು ಚೊಕ್ಕವಾಗಿ ತೋರಿಸುವ ಕಥೆ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ತಾಯಿಯ 1100 ಬೆಳ್ಳಿ ನಾಣ್ಯ ಕದ್ದಿದ್ದ ಮಗ, ಅವಳು ಶಾಪ ಹಾಕಿದ್ದನ್ನು ಕೇಳಿ ಹೆದರಿ ಹಣ ಹಿಂದಿರುಗಿಸುತ್ತಾನೆ. ತಾಯಿ ಆ ಬೆಳ್ಳಿಯನ್ನು ಯೆಹೋವನಿಗೆ ಮುಡಿಪು ಎಂದು ಘೋಷಿಸುತ್ತಾಳೆ, ಅದೂ ವಿಗ್ರಹ ಮಾಡಿಸುವುದಕ್ಕಾಗಿ. ಅಕ್ಕಸಾಲಿಗನಿಗೆ ಕೊಟ್ಟದ್ದು 200 ಮಾತ್ರ. ಉಳಿದ 900ರ ಬಗ್ಗೆ ಕಥೆ ತುಟಿ ಬಿಚ್ಚುವುದಿಲ್ಲ. ಆಮೇಲೆ ಮೀಕ ವರ್ಷಕ್ಕೆ 10 ಬೆಳ್ಳಿ ನಾಣ್ಯ, ಬಟ್ಟೆ, ಊಟಕ್ಕೆ ದೇವರ ಸೇವೆಗೆ ಮೀಸಲಾದ ಕುಲದ ಒಬ್ಬ ಲೇವಿಯನನ್ನು ಪೂಜಾರಿಯಾಗಿ ಗೊತ್ತುಮಾಡಿಕೊಂಡು, ಇನ್ನು ಯೆಹೋವನು ನನಗೆ ಒಳ್ಳೆಯದು ಮಾಡುವನೆಂದು ಗೊತ್ತಾಯಿತು ಎನ್ನುತ್ತಾನೆ. ಕಳ್ಳತನ, ಶಾಪ, ಮುಡಿಪು, ಉಳಿಸಿಕೊಂಡ ಹಣ, ಸಂಬಳದ ಪೂಜಾರಿ ಎಲ್ಲವೂ ಸೇರಿ ಕೊನೆಗೆ ದೇವರು ಉಪಕಾರ ಮಾಡಲೇಬೇಕಾದ ಸ್ಥಿತಿಗೆ ಬಂದು ನಿಲ್ಲುತ್ತಾನೆ. ವಿಗ್ರಹದ ಕೆಲಸವೇ ಇದು. ದೇವರನ್ನು ನಮ್ಮ ಲೆಕ್ಕಕ್ಕೆ ಬಗ್ಗಿಸುವುದು.

ಎರಡಾಗಿ ಒಡೆದಿದ್ದ ಇಸ್ರಾಯೇಲಿನ ಉತ್ತರದ ರಾಜ್ಯವನ್ನು ಅಶ್ಶೂರ್ಯರು ಕ್ರಿ.ಪೂ. 722ರ ಸುಮಾರಿಗೆ ಕೆಡವಿದ ಮೇಲೆ ಅದರ ರಾಜಧಾನಿ ಸಮಾರ್ಯದ ಸೀಮೆಯಲ್ಲಿ ಬಾಬೆಲ್, ಕೂತಾ, ಹಮಾತ್ ಮೊದಲಾದ ಕಡೆಗಳ ಜನರನ್ನು ತಂದು ನೆಲೆಗೊಳಿಸಿದರು. ಅವರ ಬಗ್ಗೆ ಅರಸುಗಳ ಎರಡನೆಯ ಪುಸ್ತಕದ 17ನೆಯ ಅಧ್ಯಾಯದ ತೀರ್ಪು ಚಿಕ್ಕದು: ಅವರು ಯೆಹೋವನಿಗೂ ಭಯಪಟ್ಟರು, ತಮ್ಮ ತಮ್ಮ ದೇವರುಗಳನ್ನೂ ಸೇವಿಸಿದರು. ಈ ಮಾತನ್ನು ಪರದೇಶಿಗಳ ಮೇಲೆ ಹೊರಿಸಿ ಸುಮ್ಮನಾಗುವಂತಿಲ್ಲ. ಸೀನಾಯಿ ಪ್ರದೇಶದ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ 1975-76ರಲ್ಲಿ ನಡೆದ ಉತ್ಖನನದಲ್ಲಿ ಕ್ರಿ.ಪೂ. 800ರ ಆಸುಪಾಸಿನ ದೊಡ್ಡ ಮಣ್ಣಿನ ಗುಡಾಣಗಳು ಸಿಕ್ಕವು. ಅವುಗಳ ಮೇಲೆ ‘ಸಮಾರ್ಯದ ಯೆಹೋವ ಮತ್ತು ಅವನ ಅಶೇರ’ದ ಹೆಸರಿನಲ್ಲಿ ಆಶೀರ್ವಾದ ಬರೆದಿದೆ. ಆ ಅಶೇರ ದೇವತೆಯೋ ಬರಿಯ ಮರದ ಕಂಬವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ. ಹೆಸರುಗಳು ಅಕ್ಕಪಕ್ಕ ಕುಳಿತಿರುವುದಂತೂ ಕಣ್ಣೆದುರಿಗಿದೆ. ದೇವಾಲಯ ಇದ್ದ ಯೆರೂಸಲೇಮಿನ ಮನೆಗಳಲ್ಲೇ ಆ ಕಾಲದ ಮಣ್ಣಿನ ಸ್ತ್ರೀಮೂರ್ತಿಗಳು ನೂರಾರು ಸಿಕ್ಕಿವೆ. ಪ್ರವಾದಿಗಳು ಕೂಗಿ ಹೇಳಿದ್ದು ಅತಿಶಯೋಕ್ತಿಯಾಗಿರಲಿಲ್ಲ. ಅವರು ಕೂಗಿದ್ದು ತಮ್ಮವರನ್ನು ನೋಡಿ ಎಂಬುದನ್ನೂ ಮರೆಯಬಾರದು. ಪಕ್ಕದವರ ಆರಾಧನೆಯನ್ನು ಬೈಯಲು ಈ ವಚನಗಳನ್ನು ಬಳಸುವವರು ಪ್ರವಾದಿಗಳ ಬೆರಳು ಯಾವ ಕಡೆ ತೋರಿಸುತ್ತಿತ್ತು ಎಂಬುದನ್ನೇ ನೋಡಿರುವುದಿಲ್ಲ.

ಜೊತೆಗಿಟ್ಟದ್ದು ಯಜಮಾನನಾಗುವ ಬಗೆ

ಪಕ್ಕದಲ್ಲಿ ಒಂದು ಇದ್ದರೆ ಏನಾಯಿತು ಎನ್ನುವ ಪ್ರಶ್ನೆ ಸಹಜ. ಯೆರೂಸಲೇಮಿನ ದೇವಾಲಯ ಕಟ್ಟಿಸಿದ ಅರಸ ಸೊಲೊಮೋನನ ಜೀವನದಲ್ಲಿ ಉತ್ತರವಿದೆ. ಅರಸನಾದವನು ಕುದುರೆಗಳನ್ನೂ ಹೆಂಡತಿಯರನ್ನೂ ಬೆಳ್ಳಿಬಂಗಾರವನ್ನೂ ಹೆಚ್ಚಿಸಿಕೊಳ್ಳಬಾರದು ಎಂದು ಧರ್ಮೋಪದೇಶಕಾಂಡದ 17ನೆಯ ಅಧ್ಯಾಯ ಮೊದಲೇ ಹೇಳಿತ್ತು. ಅವನು ಮೂರನ್ನೂ ಹೆಚ್ಚಿಸಿಕೊಂಡ. ದೇವಾಲಯ ಕಟ್ಟಲು 7 ವರ್ಷ, ಸ್ವಂತ ಅರಮನೆಗೆ 13 ವರ್ಷ. 700 ರಾಣಿಯರು, 300 ಉಪಪತ್ನಿಯರು. ಆ ಮದುವೆಗಳಲ್ಲಿ ಹಲವು ನೆರೆರಾಜ್ಯಗಳೊಂದಿಗಿನ ಒಪ್ಪಂದಗಳೇ. ಐಗುಪ್ತದ ಅರಸ ಫರೋಹನ ಮಗಳನ್ನು ತಂದದ್ದಂತೂ ಹಾಗೆಂದೇ ಬರೆದಿದೆ. ಅಂದರೆ ಗಡಿಯ ಭದ್ರತೆಗೆ ಒಂದು ಹೆಚ್ಚಿನ ಆಸರೆ. ರಾಣಿಯರ ಜೊತೆ ಅವರ ದೇವರುಗಳೂ ಬಂದವು. ಯೆರೂಸಲೇಮಿನ ಎದುರಿನ ಗುಡ್ಡದ ಮೇಲೆ ಕೆಮೋಷನಿಗೂ ಮೋಲೆಕನಿಗೂ ಪೂಜಾಸ್ಥಳಗಳು ಎದ್ದವು. ಅವನು ಮುದುಕನಾದಾಗ ಹೃದಯ ಸಂಪೂರ್ಣವಾಗಿ ಯೆಹೋವನ ಕಡೆಗೆ ಇರಲಿಲ್ಲ ಎಂದು ಬರೆದಿದೆ, ಬಿಟ್ಟುಬಿಟ್ಟ ಎಂದಲ್ಲ. ಆ ಗುಡ್ಡದ ಮೇಲಿನ ಪೂಜಾಸ್ಥಳಗಳು ಅರಸ ಯೋಷೀಯನು ಬಂದು ಒಡೆಯುವವರೆಗೆ ಸುಮಾರು 300 ವರ್ಷ ನಿಂತಿದ್ದವು. ಒಬ್ಬನ ಹೊಂದಾಣಿಕೆಯನ್ನು ಹತ್ತಾರು ತಲೆಮಾರುಗಳು ದೇವಾಲಯದ ಎದುರಿಗೇ ನೋಡುತ್ತಾ ಬೆಳೆದವು.

ಭಾರ ಬಿದ್ದಾಗ ನಾವು ಯಾವುದರ ಮೇಲೆ ಒರಗುತ್ತೇವೋ ಅದೇ ನಮ್ಮ ದೇವರು. ಮಾರ್ಟಿನ್ ಲೂಥರ್ 1529ರ ತನ್ನ ದೊಡ್ಡ ಪ್ರಶ್ನೋತ್ತರಿಯಲ್ಲಿ ಮೊದಲ ಆಜ್ಞೆಯನ್ನು ವಿವರಿಸಿದ್ದೂ ಇದೇ ದಿಕ್ಕಿನಲ್ಲಿ: ಹೃದಯ ಯಾವುದಕ್ಕೆ ಅಂಟಿಕೊಂಡು ನೆಚ್ಚಿಕೊಂಡಿದೆಯೋ ಅದು ನಿನ್ನ ದೇವರು ಎಂದು. ಇಸ್ರಾಯೇಲಿನ ಮೊದಲ ಅರಸ ಸೌಲ ಇದಕ್ಕೆ ಭಯಂಕರ ನಿದರ್ಶನ. ಸತ್ತವರನ್ನು ಮಾತಾಡಿಸುವವರನ್ನೂ ಕಣಿ ಹೇಳುವವರನ್ನೂ ದೇಶದಿಂದ ಹೊರಗೆ ಹಾಕಿದವನು ಅವನೇ. ಫಿಲಿಷ್ಟಿಯರ ದಂಡು ಕಂಡು ಎದೆ ನಡುಗಿದಾಗ, ಕನಸಿನಲ್ಲಾಗಲಿ ಪ್ರವಾದಿಗಳಿಂದಾಗಲಿ ಉತ್ತರ ಬಾರದಿದ್ದಾಗ, ವೇಷ ಮರೆಸಿಕೊಂಡು ರಾತ್ರಿ ಎಂದೋರಿನ ಅಂಥ ಒಬ್ಬ ಹೆಂಗಸಿನ ಬಾಗಿಲು ತಟ್ಟಿದವನೂ ಅವನೇ. ಬಹಿರಂಗದಲ್ಲಿ ನಿಷೇಧಿಸಿದ್ದನ್ನು ಮನಸ್ಸಿನ ಮೂಲೆಯಲ್ಲಿ ಉಳಿಸಿಕೊಂಡಿದ್ದರೆ ದೇವರು ಮೌನವಾದ ದಿನ ಕಾಲು ತಾನಾಗಿ ಅತ್ತ ಹೋಗುತ್ತದೆ.

ಕೆಲವೊಮ್ಮೆ ಜೊತೆಗಿರುವುದು ಮೂಲದಲ್ಲಿ ದೇವರೇ ಕೊಟ್ಟದ್ದಾಗಿರುತ್ತದೆ. ಅರಣ್ಯದಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ಮೋಶೆ ಮಾಡಿಸಿದ ತಾಮ್ರದ ಸರ್ಪಕ್ಕೆ ಶತಮಾನಗಳ ನಂತರ ಜನ ಧೂಪ ಹಾಕುತ್ತಿದ್ದರು. ಅರಸ ಹಿಜ್ಕೀಯ ಅದನ್ನು ಒಡೆದು ಚೂರುಮಾಡಿದ. ಅದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೋ! ಮೋಶೆಯ ಕೈಯಿಂದ ಬಂದ ವಸ್ತು, ನಿಜವಾಗಿ ಜನರನ್ನು ಉಳಿಸಿದ ವಸ್ತು. ಹಿಂದೊಮ್ಮೆ ನಮ್ಮನ್ನು ಕಾಪಾಡಿದ ಒಂದು ಪದ್ಧತಿ, ಒಬ್ಬ ಉಪದೇಶಕ, ಒಂದು ಸೇವೆ, ಒಂದು ಅನುಭವ ಇವೆಲ್ಲ ಈ ಸಾಲಿಗೆ ಸೇರಬಲ್ಲವು. ಹಣವನ್ನು ವಿಗ್ರಹವೆಂದು ಗುರುತಿಸುವುದಕ್ಕಿಂತ ಇವುಗಳನ್ನು ಗುರುತಿಸುವುದು ಕಷ್ಟ.

ಒಂದು ಹಾಳೆ, ಒಂದು ವಾರ

ಹಾಗಾದರೆ ನಮ್ಮೊಳಗೆ ಜೊತೆಗಿರುವುದು ಯಾವುದು ಎಂದು ತಿಳಿಯುವುದು ಹೇಗೆ? ಕಣ್ಣು ಮುಚ್ಚಿ ಕುಳಿತು ಹೃದಯವನ್ನು ತಡಕಾಡಿದರೆ ಸಿಗುವುದು ಕಡಿಮೆ, ಏಕೆಂದರೆ ತಡಕಾಡುವ ಮನಸ್ಸೇ ಇಬ್ಭಾಗವಾಗಿದೆ. ನಡೆದದ್ದನ್ನು ಬರೆದಿಡುವುದು ಉತ್ತಮ. ಒಂದು ಹಾಳೆ ತೆಗೆದುಕೊಂಡು ಒಂದು ವಾರ, ದಿನಕ್ಕೆ ಹತ್ತು ನಿಮಿಷ, ಮೂರು ಸಂಗತಿ ಬರೆಯಿರಿ. ಇಂದು ಯಾವ ವಿಷಯಕ್ಕೆ ಹೆದರಿದೆ. ಎಲ್ಲಿ ಸತ್ಯವನ್ನು ಸ್ವಲ್ಪ ಬಗ್ಗಿಸಿದೆ, ಏನನ್ನು ಉಳಿಸಿಕೊಳ್ಳಲು. ಯಾವ ವಿಷಯವನ್ನು ಪ್ರಾರ್ಥನೆಗೆ ತರಲಿಲ್ಲ. ಸುಳ್ಳು ಯಾವಾಗಲೂ ಯಾವುದೋ ಒಂದನ್ನು ಕಾಪಾಡುತ್ತಿರುತ್ತದೆ. ವಾರದ ಕೊನೆಗೆ ಅದೇ ಹೆಸರು ಮೂರು ಸಾಲುಗಳಲ್ಲೂ ಕಾಣಿಸಿಕೊಂಡರೆ ಹುಡುಕಾಟ ಮುಗಿದಂತೆ. ನನಗೆ ಮೂರನೆಯ ಸಾಲೇ ಹೆಚ್ಚು ಮುಖ್ಯವೆನಿಸುತ್ತದೆ. ಎಲ್ಲದಕ್ಕೂ ಪ್ರಾರ್ಥಿಸುವವರು ಒಂದು ವಿಷಯವನ್ನು ಮಾತ್ರ ದೇವರ ಮುಂದೆ ಎತ್ತುವುದೇ ಇಲ್ಲ ಎಂದಾದರೆ, ಆತನು ಬೇಡ ಎಂದುಬಿಟ್ಟಾನು ಎಂಬ ಅಂಜಿಕೆ ಅಲ್ಲಿದೆ.

ಹಣದ ವಿಷಯಕ್ಕೆ ಹಾಳೆ ಬೇಕಿಲ್ಲ, ಮೂರು ತಿಂಗಳ ಖರ್ಚಿನ ಲೆಕ್ಕ ಸಾಕು. ಎಷ್ಟು ಕೊಟ್ಟೆ ಎಂಬುದಕ್ಕಿಂತ ಯಾವಾಗ ತೆಗೆದಿಟ್ಟೆ ಎಂದು ನೋಡಿ: ಮೊದಲೇ ತೆಗೆದಿಟ್ಟದ್ದೋ, ಎಲ್ಲ ಮುಗಿದು ಮಿಕ್ಕದ್ದೋ. ಕೊಡಬೇಕಾದ ಸಾಲ, ಕೂಲಿ ತಡೆಹಿಡಿದು ಕಾಣಿಕೆ ಹಾಕಿದ್ದರೆ ಅದು ಮೀಕನ 200 ನಾಣ್ಯವೇ. ದೇವರನ್ನೂ ಧನವನ್ನೂ ಸೇವಿಸಲಾರಿರಿ ಎಂದು ಯೇಸು ಹೇಳಿದ್ದರಲ್ಲಿ ಸೇವಿಸಬಾರದು ಎಂಬ ಆಜ್ಞೆಗಿಂತ ಆಗುವುದಿಲ್ಲ ಎಂಬ ಮಾತು ಮುಂದಿದೆ. ಇಬ್ಬರು ಯಜಮಾನರು ಒಂದೇ ಹೊತ್ತಿಗೆ ಎರಡು ದಿಕ್ಕಿಗೆ ಕಳುಹಿಸಿದಾಗ ಆಳು ಒಬ್ಬನ ಮಾತು ಮೀರಲೇಬೇಕು.

ದಕ್ಷಿಣದ ಯೆಹೂದ ರಾಜ್ಯದ ಅಮಚ್ಯ ಎಂಬ ಅರಸನಿಗೆ ಬಂದ ಪರೀಕ್ಷೆ ಇಂಥದ್ದೇ. ಅವನು ಯೆಹೋವನ ದೃಷ್ಟಿಯಲ್ಲಿ ಸರಿಯಾದದ್ದನ್ನು ಮಾಡಿದ, ಆದರೆ ಪೂರ್ಣಮನಸ್ಸಿನಿಂದಲ್ಲ ಎನ್ನುತ್ತದೆ ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕದ 25ನೆಯ ಅಧ್ಯಾಯ. ಯುದ್ಧಕ್ಕೆಂದು ಇಸ್ರಾಯೇಲಿನಿಂದ 1,00,000 ಸೈನಿಕರನ್ನು 100 ತಲಾಂತು ಬೆಳ್ಳಿಗೆ ಬಾಡಿಗೆಗೆ ತಂದಿದ್ದ. ಒಂದು ತಲಾಂತು ಸುಮಾರು 30 ಕಿಲೋ ಎಂದು ಹಿಡಿದರೆ 3 ಟನ್ ಬೆಳ್ಳಿ. ದೇವರ ಮನುಷ್ಯನೊಬ್ಬ ಬಂದು ಅವರನ್ನು ಕಳುಹಿಸಿಬಿಡು ಎಂದಾಗ ಅಮಚ್ಯನ ಬಾಯಿಂದ ಬಂದ ಮೊದಲ ಮಾತು, ಹಾಗಾದರೆ ಆ 100 ತಲಾಂತಿನ ಗತಿ? ಅದಕ್ಕಿಂತ ಹೆಚ್ಚು ಕೊಡಲು ಯೆಹೋವನು ಶಕ್ತನು ಎಂದು ಉತ್ತರ ಬಂತು. ಅವನು ಕೇಳಿದ, ಸೈನಿಕರನ್ನು ಕಳುಹಿಸಿದ, ಗೆದ್ದ. ಗೆದ್ದು ಬರುವಾಗ ಮಾತ್ರ ಸೋತ ಎದೋಮ್ಯರ ದೇವರುಗಳನ್ನು ತಂದು ತನ್ನ ದೇವರುಗಳನ್ನಾಗಿ ನಿಲ್ಲಿಸಿಕೊಂಡ. ದೊಡ್ಡ ನಷ್ಟವನ್ನು ಸಹಿಸಿ ವಿಧೇಯನಾದವನು ಗೆಲುವಿನ ಸಂಜೆ ಜಾರಿದ. ಒಂದು ಆಸರೆಯನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಮನಸ್ಸು ಒಂದಾಗಿಬಿಡುವುದಿಲ್ಲ.

ತೆಗೆದುಹಾಕುವ ಕ್ರಮ

ನ್ಯಾಯಸ್ಥಾಪಕರ ಕಾಲದ ನಾಯಕ ಗಿದ್ಯೋನನಿಗೆ ಶತ್ರುಗಳಾದ ಮಿದ್ಯಾನ್ಯರ ಮೇಲೆ ಹೋಗುವ ಮೊದಲು ಸಿಕ್ಕ ಕೆಲಸ ತಂದೆಯ ಮನೆಯದು. ತಂದೆಯ ಬಾಳನ ಯಜ್ಞವೇದಿಯನ್ನು ಕೆಡವು, ಅದರ ಹತ್ತಿರದ ಅಶೇರ ಕಂಬವನ್ನು ಕಡಿ, ದೇವರಿಗೆ ಸರಿಯಾದ ಯಜ್ಞವೇದಿ ಕಟ್ಟು, ಕಡಿದ ಆ ಮರವನ್ನೇ ಸೌದೆಯಾಗಿ ಉರಿಸಿ 7 ವರ್ಷದ ಹೋರಿಯನ್ನು ಸಮರ್ಪಿಸು. ಅವನು 10 ಮಂದಿ ಆಳುಗಳೊಂದಿಗೆ, ಹಗಲಲ್ಲಿ ಮಾಡಲು ಹೆದರಿ, ರಾತ್ರಿ ಮಾಡಿದ. ಹೆದರಿಕೊಂಡೇ ಮಾಡಿದ್ದಕ್ಕೆ ಬೈಗುಳ ಬಿದ್ದಿಲ್ಲ ಎಂಬುದು ನನಗೆ ಬಹಳ ಸಮಾಧಾನ ಕೊಡುವ ವಿವರ. ಪೂರ್ಣಮನಸ್ಸು ಎಂದರೆ ಭಯವಿಲ್ಲದ ಮನಸ್ಸು ಎಂದು ತಿಳಿದು ಧೈರ್ಯ ಬರುವವರೆಗೆ ಕಾಯುತ್ತಾ ಕುಳಿತರೆ ಕಂಬ ನಿಂತೇ ಇರುತ್ತದೆ.

ಈ ಕ್ರಮದಲ್ಲಿ ಗಮನಿಸಬೇಕಾದ್ದು ಕೆಡವಿದ ಕೂಡಲೇ ಕಟ್ಟಿದ್ದು. ಖಾಲಿ ಬಿಟ್ಟ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಗುಡಿಸಿ ಅಲಂಕರಿಸಿ ಖಾಲಿ ಬಿಟ್ಟ ಮನೆಗೆ ಹೊರಟುಹೋದ ಅಶುದ್ಧಾತ್ಮ ತನಗಿಂತ ಕೆಟ್ಟ ಇನ್ನೂ ಏಳನ್ನು ಕರೆತಂದಿತು ಎಂದು ಯೇಸು ಹೇಳಿದ್ದು ಇದನ್ನೇ. ಜನರ ಮೆಚ್ಚುಗೆಗಾಗಿ ಬದುಕುವುದನ್ನು ಬಿಡಬೇಕೆಂದಿರುವವರು ಬರಿಯ ಬಿಡುವ ನಿರ್ಣಯ ಮಾಡಿದರೆ ಸಾಲದು. ಯಾರಿಗೂ ತಿಳಿಯದಂತೆ ಮಾಡುವ ಒಂದು ಒಳ್ಳೆಯ ಕೆಲಸವನ್ನು ಆ ಜಾಗಕ್ಕೆ ತರಬೇಕು, ವಾರಕ್ಕೆ ಒಂದಾದರೂ. ಹಣ ಕೂಡಿಡುವ ಗೀಳಿದ್ದವರು ಆ ಮೊತ್ತದಿಂದಲೇ ಕೊಡಬೇಕು, ಕಡಿದ ಕಂಬ ಸೌದೆಯಾದ ಹಾಗೆ. ಇನ್ನು ಕೆಲವನ್ನು ಬೇರೆ ಕೆಲಸಕ್ಕೂ ಬಳಸಬಾರದು. ಎಫೆಸದಲ್ಲಿ ಮಾಟಮಂತ್ರ ನಡೆಸುತ್ತಿದ್ದವರು ತಮ್ಮ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಸುಟ್ಟರು. ಬೆಲೆ ಕಟ್ಟಿದಾಗ 50,000 ಬೆಳ್ಳಿ ನಾಣ್ಯಗಳಾಯಿತು. ಮಾರಿ ಬಡವರಿಗೆ ಹಂಚಬಹುದಿತ್ತಲ್ಲ ಎಂದು ಅಲ್ಲಿ ಯಾರೂ ಹೇಳಲಿಲ್ಲ, ಮಾರಿದ್ದು ಇನ್ನೊಬ್ಬರ ಮನೆ ಸೇರುತ್ತಿತ್ತು. ಆ ಸಂದರ್ಭದಲ್ಲಿ ಮುಂದೆ ಬಂದು ತಮ್ಮ ಕೃತ್ಯಗಳನ್ನು ಒಪ್ಪಿಕೊಂಡವರು ಆಗಲೇ ನಂಬಿದ್ದವರು. ನಂಬಿದ ಮೇಲೂ ಪುಸ್ತಕಗಳು ಮನೆಯಲ್ಲಿ ಉಳಿದಿದ್ದವು.

ಎಲ್ಲಿ ಎಡವುತ್ತೇವೆ? ಹೆಚ್ಚಾಗಿ ಉತ್ತರದ ರಾಜ್ಯದ ಅರಸ ಯೇಹುವಿನ ಹಾಗೆ. ಅವನು ಬಾಳನ ಆರಾಧನೆಯನ್ನು ರಕ್ತ ಹರಿಸಿ ನಿರ್ಮೂಲ ಮಾಡಿದ, ಬೇತೇಲ್ ಮತ್ತು ದಾನಿನಲ್ಲಿ ಆ ರಾಜ್ಯದ ಮೊದಲ ಅರಸ ಯಾರೊಬ್ಬಾಮ ನಿಲ್ಲಿಸಿದ್ದ ಚಿನ್ನದ ಕರುಗಳನ್ನು ಮುಟ್ಟಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಆ ಕರುಗಳಿದ್ದದ್ದೇ ಜನ ಯೆರೂಸಲೇಮಿಗೆ ಹೋಗಿ ದಾವೀದನ ಮನೆತನಕ್ಕೆ ಒಲಿಯದಂತೆ ತಡೆಯಲು. ಬಾಳ ಹೋದರೆ ಯೇಹುವಿಗೆ ಲಾಭ, ಕರು ಹೋದರೆ ಸಿಂಹಾಸನಕ್ಕೆ ಅಪಾಯ. ನಮಗೆ ಬೇಡವಾದ ವಿಗ್ರಹದ ಮೇಲೆ ಉತ್ಸಾಹ ತೋರಿಸುವುದು ಎಷ್ಟು ಸುಲಭ! ಕುಡಿತವನ್ನು ಖಂಡಿಸುವವರು ಕುಲದ ಹೆಮ್ಮೆಯನ್ನು, ದುಂದನ್ನು ಖಂಡಿಸುವವರು ಜಿಪುಣತನವನ್ನು ಒಳಗಿಟ್ಟುಕೊಂಡಿರುತ್ತಾರೆ.

ಇನ್ನೊಂದು ತುದಿಯೂ ಇದೆ. ಮನಸ್ಸು ಸೂಕ್ಷ್ಮವಾದವರು ಎಲ್ಲದರಲ್ಲೂ ವಿಗ್ರಹ ಕಂಡು ಬಳಲುತ್ತಾರೆ: ವೈದ್ಯರ ಬಳಿ ಹೋದರೆ ಅಪನಂಬಿಕೆಯೇ, ನಾಳೆಗೆಂದು ಉಳಿಸಿದರೆ ದ್ರೋಹವೇ ಎಂದು. ಯೆಹೂದದ ಅರಸ ಆಸನು ಕಾಲಿನ ರೋಗದಲ್ಲಿ ಯೆಹೋವನನ್ನು ಆಶ್ರಯಿಸದೆ ವೈದ್ಯರನ್ನೇ ಆಶ್ರಯಿಸಿದ ಎಂಬ ಮಾತನ್ನು ಹಿಡಿದು ಔಷಧಿ ನಿಲ್ಲಿಸಿದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ತಪ್ಪೆನಿಸಿದ್ದು ದೇವರನ್ನು ಆಶ್ರಯಿಸದೆ ಹೋದದ್ದು. ಯೋಸೇಫ ಏಳು ವರ್ಷ ಧಾನ್ಯ ಕೂಡಿಟ್ಟದ್ದು ದೇವರು ತಿಳಿಸಿದ್ದರಿಂದಲೇ. ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯನ ಜನ ಪ್ರಾರ್ಥಿಸಿದರು, ಹಗಲೂ ರಾತ್ರಿ ಕಾವಲೂ ಇಟ್ಟರು. ಸಾಧನ ಕೈಯಲ್ಲಿರಬಹುದು. ಅದು ಕೈಬಿಟ್ಟ ದಿನವೂ ದೇವರು ದೇವರಾಗಿಯೇ ಉಳಿಯುತ್ತಾನೆಯೇ ಎಂಬುದನ್ನು ಕೇಳಿಕೊಳ್ಳಬೇಕು. ಬೆಂಕಿಯ ಕುಲುಮೆಯ ಮುಂದೆ ನಿಂತ ಮೂವರು ಯುವಕರು ನಮ್ಮ ದೇವರು ಬಿಡಿಸಬಲ್ಲನು ಎಂದರು. ಬಿಡಿಸದೆ ಹೋದರೂ ನಿನ್ನ ಬಂಗಾರದ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದೂ ಬಾಬೆಲಿನ ಅರಸ ನೆಬೂಕದ್ನೆಚ್ಚರನಿಗೆ ಹೇಳಿದರು. ಮೊದಲ ವಾಕ್ಯವನ್ನು ಹೇಳುವವರು ಬಹಳ ಮಂದಿ. ಎರಡನೆಯದನ್ನು ಸೇರಿಸುವಾಗಲೇ ಮನಸ್ಸು ಒಂದಾಗಿದೆಯೋ ಇಲ್ಲವೋ ತಿಳಿಯುವುದು.

ಪರಿಸ್ಥಿತಿಯ ಇಕ್ಕಟ್ಟನ್ನೂ ದೇವರು ಬಲ್ಲನು. ಅರಾಮ್ಯರ ಸೇನಾಪತಿ ನಾಮಾನ ಕುಷ್ಠ ವಾಸಿಯಾದ ಮೇಲೆ ಇನ್ನು ಯೆಹೋವನಿಗೆ ಮಾತ್ರ ಬಲಿ ಕೊಡುತ್ತೇನೆಂದು ಹೇಳಿ, ಒಂದು ಅಳಲು ತೋಡಿಕೊಂಡ. ತನ್ನ ಒಡೆಯ ರಿಮ್ಮೋನನ ಗುಡಿಯಲ್ಲಿ ತನ್ನ ಕೈಮೇಲೆ ಒರಗಿ ಬಗ್ಗುವಾಗ ತಾನೂ ಬಗ್ಗಬೇಕಾಗುತ್ತದೆ, ಅದನ್ನು ಕ್ಷಮಿಸಲಿ ಎಂದ. ಪ್ರವಾದಿ ಎಲೀಷ ಸಮಾಧಾನದಿಂದ ಹೋಗು ಎಂದ. ನಾಮಾನ ಇದನ್ನು ಬಚ್ಚಿಡಲಿಲ್ಲ, ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿದ. ಮುಚ್ಚಿಟ್ಟುಕೊಂಡ ಹೊಂದಾಣಿಕೆಗೂ ದೇವರ ಮುಂದೆ ನೋವಿನಿಂದ ತೆರೆದಿಟ್ಟ ಇಕ್ಕಟ್ಟಿಗೂ ಬಹಳ ಅಂತರವಿದೆ.

ಮತ್ತೆ ಕಾಯುವಿಕೆಗೆ ಬರಲೇಬೇಕು, ಎರಡನೆಯ ಆಸರೆ ಒಳಗೆ ಬರುವ ಬಾಗಿಲು ಅದೇ ಆದ್ದರಿಂದ. ಕಾಯುವವರ ಕೈಗೆ ಸತ್ಯವೇದ ಕೊಡುವ ಸಾಧನ ದೂರು. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಪ್ರಲಾಪಗಳೇ. 13ನೆಯ ಕೀರ್ತನೆ ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ ‘ಎಷ್ಟರವರೆಗೆ’ ಎಂದು ಕೇಳುತ್ತದೆ. ದೇವರ ಮೇಲಿನ ದೂರನ್ನು ದೇವರ ಬಳಿಯೇ ಹೇಳುವವನು ಇನ್ನೂ ಬೇರೆ ಬಾಗಿಲಿಗೆ ಹೋಗಿಲ್ಲ. ಆದ್ದರಿಂದ ಉತ್ತರ ತಡವಾದಾಗ ಭಕ್ತಿಯ ಮಾತುಗಳನ್ನು ಬಲವಂತವಾಗಿ ಆಡುವ ಬದಲು ಈ ಕೀರ್ತನೆಯನ್ನು ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ, ‘ಎಷ್ಟರವರೆಗೆ’ ಎಂಬಲ್ಲಿ ನಿಮ್ಮ ವಿಷಯವನ್ನು ಹೆಸರಿಟ್ಟು ಹೇಳಿ. ಕರ್ಮೆಲಿನಲ್ಲೂ ಎಲೀಯ ಮಾಡಿದ್ದು ಅವಸರದ್ದಲ್ಲ. ಬಲಿಯ ಮೇಲೆ ಬೆಂಕಿ ಕಳುಹಿಸಿ ಉತ್ತರ ಕೊಡುವವನೇ ದೇವರು ಎಂಬುದು ಅಲ್ಲಿನ ಪರೀಕ್ಷೆ. ಬೆಳಗಿನಿಂದ ನೈವೇದ್ಯದ ಹೊತ್ತಿನವರೆಗೆ ಬಾಳನ ಪ್ರವಾದಿಗಳಿಗೆ ಬಿಟ್ಟುಕೊಟ್ಟು, ಆಮೇಲೆ ಹಾಳುಬಿದ್ದಿದ್ದ ಯೆಹೋವನ ಯಜ್ಞವೇದಿಯನ್ನು 12 ಕಲ್ಲುಗಳಿಂದ ಸರಿಪಡಿಸಿ, 4 ಕೊಡ ನೀರನ್ನು ಮೂರು ಸಲ ಸುರಿಸಿದ. ಬರಗಾಲದ ಮೂರನೆಯ ವರ್ಷದಲ್ಲಿ ನೀರು! ಯಾವುದಕ್ಕಾಗಿ ಬಾಳನ ಬಳಿ ಹೋಗಿದ್ದರೋ ಅದನ್ನೇ ಮೊದಲು ದೇವರ ಮುಂದೆ ಸುರಿಯಬೇಕಾಯಿತು. ಬೆಂಕಿ ಬಿದ್ದದ್ದು ಆಮೇಲೆ, ಮಳೆ ಬಂದದ್ದು ಅದಕ್ಕೂ ಆಮೇಲೆ.

ಎಡವಿ ಬಿದ್ದವರ ವಿಷಯ ಹೇಳುವುದು ಇನ್ನೂ ಉಳಿದಿದೆ. ರೋಮ್ ಸಾಮ್ರಾಟ ಡೀಸಿಯಸ್ ಕ್ರಿ.ಶ. 250ರ ಹೊತ್ತಿಗೆ ಸಾಮ್ರಾಜ್ಯದ ಜನರೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ದೃಢೀಕರಣ ಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಅಂಥ ಪತ್ರಗಳು ಐಗುಪ್ತದ ಮರಳಿನಲ್ಲಿ ಪಪೈರಸ್ ಹಾಳೆಗಳಾಗಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಅನೇಕ ಕ್ರೈಸ್ತರು ಬಲಿ ಅರ್ಪಿಸಿದರು. ಇನ್ನು ಕೆಲವರು ಬಲಿ ಅರ್ಪಿಸದೆ ಲಂಚ ಕೊಟ್ಟು ಪತ್ರ ಮಾತ್ರ ಕೊಂಡರು: ಮನಸ್ಸು ಕ್ರಿಸ್ತನಿಗೆ, ಕಾಗದ ಸಾಮ್ರಾಟನಿಗೆ. ಹಿಂಸೆ ತಣ್ಣಗಾದ ಮೇಲೆ ಎರಡೂ ಬಗೆಯವರು ಅಳುತ್ತಾ ಸಭೆಯ ಬಾಗಿಲಿಗೆ ಬಂದರು. 251ರಲ್ಲಿ ಕಾರ್ಥೇಜಿನಲ್ಲಿ ಬಿಷಪ್ ಸಿಪ್ರಿಯನ್ ಮತ್ತು ಜೊತೆಯ ಬಿಷಪ್‌ಗಳು ಕೂಡಿ, ಪತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು, ಬಲಿ ಅರ್ಪಿಸಿದವರು ದೀರ್ಘ ಪಶ್ಚಾತ್ತಾಪದಲ್ಲಿರುವುದು, ಮರಣ ಹತ್ತಿರವಾದರೆ ಅವರನ್ನೂ ಸೇರಿಸಿಕೊಳ್ಳುವುದು ಎಂದು ತೀರ್ಮಾನಿಸಿದರು. ಬೇಗನೆ ಮತ್ತೊಂದು ಹಿಂಸೆಯ ಸೂಚನೆಗಳು ಕಾಣಿಸಿದವು. ಆಗ ಅದೇ ಬಿಷಪ್‌ಗಳು, ಪಶ್ಚಾತ್ತಾಪದಲ್ಲಿ ನಿಂತಿದ್ದ ಆ ಬಲಿ ಅರ್ಪಿಸಿದವರಿಗೂ ಪ್ರಭುಭೋಜನವನ್ನು ಕೂಡಲೇ ಹಿಂದಿರುಗಿಸಲು ಒಪ್ಪಿದರು. ಬರಲಿರುವ ಪರೀಕ್ಷೆಯಲ್ಲಿ ನಿಲ್ಲಬೇಕಾದವರನ್ನು ಬರಿಗೈಯಲ್ಲಿ ಕಳುಹಿಸುವುದು ಹೇಗೆ ಎಂಬುದು ಅವರು ಕೊಟ್ಟ ಕಾರಣ.